ಅದಿರು ಹೊತ್ತ ಟಿಪ್ಪರ್ ಕಲ್ಲಿದ್ದಲು ಗಣಿಯಲ್ಲಿ ನಡೆದೀತೇ?

ಪ್ರಶ್ನೆ: ನಾವು ಮೂಲತಃ ಬಾಗಲಕೋಟೆ ಕಡೆಯವರು, ಈಗ ಗೋವಾದ ಡಿಚೋಲಿಯಲ್ಲಿದ್ದೇವೆ. ಕಬ್ಬಿಣದ ಅದಿರಿನ ಕೆಲಸಕ್ಕೆಂದು ತೆಗೆದುಕೊಂಡ 20 ಟನ್ ವರ್ಗದ ಎರಡು ಎಕ್ಸ್‌ಕವೇಟರ್, 10 ಟನ್‌ನ ಆರು ಟಿಪ್ಪರ್ ನಮ್ಮಲ್ಲಿವೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಂದು ಸಣ್ಣ ತೆರೆದ ಕಲ್ಲಿದ್ದಲು ಗಣಿಯಲ್ಲಿ ಉಪಗುತ್ತಿಗೆ ಬಂದಿದೆ: ತಿಂಗಳಿಗೆ 60,000 ಘನ ಮೀಟರ್ ಓಬಿ (ಕಲ್ಲಿದ್ದಲಿನ ಮೇಲಿನ ಮಣ್ಣು-ಕಲ್ಲು) ತೆಗೆಯಬೇಕು, ಜೊತೆಗೆ ಸ್ವಲ್ಪ ಕಲ್ಲಿದ್ದಲು ಲೋಡಿಂಗ್. ಲೀಡ್, ಅಂದರೆ ಸಾಗಿಸುವ ದೂರ, 1.5 ಕಿ.ಮೀ. ಇದ್ದ ಯಂತ್ರಗಳನ್ನೇ ಒಯ್ದರೆ ಸಾಕೇ, ಇನ್ನೇನು ಬೇಕು?

ಉತ್ತರ: ಎಕ್ಸ್‌ಕವೇಟರ್ ಎರಡನ್ನೂ ಒಯ್ಯಿರಿ. ಟಿಪ್ಪರ್‌ಗಳನ್ನು ಗೋವಾದಲ್ಲೇ ಬಿಡಿ, ಇಲ್ಲವೇ ಮಾರಿ. 2012ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಗಣಿಗಾರಿಕೆ ನಿಂತು ಗೋವಾದ ಟಿಪ್ಪರ್ ಮಾಲೀಕರು ಪಟ್ಟ ಪಾಡು ಗೊತ್ತಿದೆ. ನಿಂತ ಗಾಡಿಗೆ ಎಲ್ಲಾದರೂ ಕೆಲಸ ಸಿಕ್ಕಲಿ ಎಂಬ ಆಸೆ ಸಹಜ. ಆದರೆ ಸುಮಾರು ಸಾವಿರ ಕಿಲೋಮೀಟರ್ ದೂರ ಒಯ್ದ ಮೇಲೆ ಲೆಕ್ಕ ಹಾಕುವುದಕ್ಕಿಂತ ಇಲ್ಲೇ ಹಾಕುವುದು ಅಗ್ಗ.

ತೊಡಕು ಇರುವುದು ತೂಕ ಮತ್ತು ಗಾತ್ರದ ನಡುವೆ. ಸಡಿಲಾದ ಕಬ್ಬಿಣದ ಅದಿರು ಘನ ಮೀಟರ್‌ಗೆ 2.2 ಟನ್‌ನ ಮೇಲೆಯೇ ತೂಗುತ್ತದೆ. ನಾಲ್ಕೂವರೆ ಘನ ಮೀಟರ್ ತುಂಬಿದರೆ 10 ಟನ್ ಆಯಿತು. ಹೀಗಾಗಿಯೇ ಗೋವಾದ ಟಿಪ್ಪರ್‌ಗಳ ಬಾಡಿ ಚಿಕ್ಕದು. ನಿಮ್ಮದು ತಲೆದುಂಬಿ 6 ಘನ ಮೀಟರ್ ಎಂದಿಟ್ಟುಕೊಳ್ಳೋಣ. ಒಡೆದ ಕಲ್ಲಿದ್ದಲು ಘನ ಮೀಟರ್‌ಗೆ ಸುಮಾರು 0.9 ಟನ್. ಅಂದರೆ ನಿಮ್ಮ ಟಿಪ್ಪರ್ ತುಂಬಿ ಚೆಲ್ಲುವಷ್ಟು ಕಲ್ಲಿದ್ದಲು ಹೊತ್ತರೂ 5.4 ಟನ್, ಅರ್ಧ ಲೋಡು. ಡೀಸೆಲ್, ಚಾಲಕನ ಸಂಬಳ, ಟೈರು ಮಾತ್ರ ಪೂರ್ತಿ. ಟಿಪ್ಪರ್‌ನ ಬಾಡಿಯ ಮೇಲೆ ಹಲಗೆ ಏರಿಸಿ ಎತ್ತರ ಮಾಡುತ್ತೇವೆ ಎನ್ನಬೇಡಿ. ಗಣಿಯ ಏರಿನಲ್ಲಿ ಎತ್ತರದ ಬಾಡಿಯ ಸಣ್ಣ ಟಿಪ್ಪರ್ ಮಗುಚುವುದು ಸುಲಭ, ಬಾಡಿ ಎತ್ತಿ ಸುರಿಯುವಾಗ ಇನ್ನೂ ಸುಲಭ.

ಓಬಿಯಲ್ಲಿ ತೂಕ ಸರಿಹೋಗುತ್ತದೆ. ಕಲ್ಲಿದ್ದಲಿನ ಮೇಲಿನ ಮರಳುಗಲ್ಲು ನೆಲದಲ್ಲಿದ್ದಾಗ ಘನ ಮೀಟರ್‌ಗೆ ಸುಮಾರು 2.2 ಟನ್. ಸಿಡಿಸಿ ತೆಗೆದಾಗ 1.35 ಪಟ್ಟು ಉಬ್ಬುತ್ತದೆ ಎಂದುಕೊಂಡರೆ ಸಡಿಲ ತೂಕ 1.63 ಟನ್. ಆರು ಘನ ಮೀಟರ್‌ಗೆ ಹತ್ತಿರ ಹತ್ತಿರ 10 ಟನ್. ಆದರೆ ಆ ಆರು ಸಡಿಲ ಘನ ಮೀಟರ್, ನೆಲದ ಅಳತೆಯಲ್ಲಿ 4.4 ಮಾತ್ರ.

ಸರದಿಯ ಲೆಕ್ಕ ನೋಡಿ. 1.1 ಘನ ಮೀಟರ್ ಬಕೆಟ್ ಸಿಡಿದ ಕಲ್ಲಿನಲ್ಲಿ ಪೂರ್ತಿ ತುಂಬುವುದಿಲ್ಲ, ಶೇ. 85 ಹಿಡಿಯಿರಿ. ಏಳು ಬಕೆಟ್, ಒಂದಕ್ಕೆ 22 ಸೆಕೆಂಡ್, ಒಟ್ಟು ಎರಡೂಮುಕ್ಕಾಲು ನಿಮಿಷದೊಳಗೆ. ಟಿಪ್ಪರ್ ಹಿಂದೆ ಸರಿದು ನಿಲ್ಲಲು ಮುಕ್ಕಾಲು ನಿಮಿಷದಷ್ಟು. ತುಂಬಿಕೊಂಡು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗಲು 6 ನಿಮಿಷ, ಖಾಲಿ ಬರಲು 4, ಸುರಿದು ತಿರುಗಲು ಒಂದೂವರೆ. ಸುಮಾರು 15 ನಿಮಿಷದ ಸುತ್ತು. ಗಂಟೆಯಲ್ಲಿ ನಿಜವಾಗಿ ದುಡಿಯುವುದು 50 ನಿಮಿಷ ಎಂದರೆ ಆರು ಟಿಪ್ಪರ್ ಸೇರಿ 20 ಟ್ರಿಪ್, 88 ಘನ ಮೀಟರ್. ದಿನಕ್ಕೆ 14 ಗಂಟೆ, ತಿಂಗಳಿಗೆ 25 ದಿನ: 30,800. ಒಂದೂ ಗಾಡಿ ಕೆಡದಿದ್ದರೂ ಗುರಿಯ ಅರ್ಧ. ಇದರಲ್ಲಿ ಒಂದು ಎಕ್ಸ್‌ಕವೇಟರ್ ಒಂದೇ ಗಂಟೆಗೆ 15 ಟ್ರಿಪ್ ತುಂಬಬಲ್ಲದು. ಎರಡನೆಯದಕ್ಕೆ ಉಳಿಯುವುದು ಐದು. ಮಿಕ್ಕ ಹೊತ್ತು ಅದು ಐಡಲ್‌ನಲ್ಲಿ ನಿಂತು ಗಂಟೆಗೆ ಮೂರ್ನಾಲ್ಕು ಲೀಟರ್ ಡೀಸೆಲ್ ಕುಡಿಯುತ್ತಿರುತ್ತದೆ. ಇನ್ನೊಂದು ಪೊಕ್ಲೇನ್ ತಂದರೆ ಕೆಲಸ ಮುಂದೆ ಹೋಗುತ್ತದೆ ಎಂದು ಸೈಟಿನಲ್ಲಿ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

ಹೊಂದುವ ಜೋಡಿ ಹೀಗಿರಬೇಕು. ನಾಲ್ಕು ಆಕ್ಸಲ್‌ನ, 35 ಟನ್ ಒಟ್ಟು ತೂಕದ ವರ್ಗದ ಟಿಪ್ಪರ್, ಅದಕ್ಕೆ ಸುಮಾರು 13 ಘನ ಮೀಟರ್‌ನ, ಕಲ್ಲು ಹೊರುವ ಬಾಡಿ. ತುಂಬಿದರೆ 21 ಟನ್, ನೆಲದ ಅಳತೆಯಲ್ಲಿ 9.6 ಘನ ಮೀಟರ್. ಎದುರಿಗೆ 45 ಟನ್ ವರ್ಗದ, 2.5 ಘನ ಮೀಟರ್ ಬಕೆಟ್‌ನ ಒಂದು ಎಕ್ಸ್‌ಕವೇಟರ್ ಬಾಡಿಗೆಗೆ ಹಿಡಿಯಿರಿ. ಅದು ಆರು ಬಕೆಟ್‌ನಲ್ಲಿ ತುಂಬುತ್ತದೆ. ನಾಲ್ಕರಿಂದ ಆರು ಬಕೆಟ್ ಒಳ್ಳೆಯ ಜೋಡಿ. ನಿಮ್ಮ 20 ಟನ್ನಿನ ಯಂತ್ರಕ್ಕೆ ಅದೇ ಟಿಪ್ಪರ್ ಕೊಟ್ಟರೆ 14 ಬಕೆಟ್ ಬೇಕು, ಟಿಪ್ಪರ್ ಐದು ನಿಮಿಷ ನಿಲ್ಲುತ್ತದೆ. ನಡೆಯದ ಕೆಲಸವಲ್ಲ, ನಿಧಾನ ಅಷ್ಟೆ. ನೆಲದ ಅಳತೆಯಲ್ಲಿ ದೊಡ್ಡ ಯಂತ್ರ ಗಂಟೆಗೆ ಸುಮಾರು 145 ಘನ ಮೀಟರ್ ತುಂಬುತ್ತದೆ, ಸಣ್ಣದೊಂದು 80ರ ಆಸುಪಾಸು. ಎರಡೂ ಸೇರಿ ತಿಂಗಳಿಗೆ ಕಾಗದದ ಮೇಲೆ ಸುಮಾರು 80,000. ರಿಪೇರಿ, ಬ್ಲಾಸ್ಟಿಂಗ್‌ಗೆ ನಿಲ್ಲಿಸುವ ಹೊತ್ತು, ಮಳೆ ಕಳೆದು ಶೇ. 80 ಹಿಡಿದರೆ 64,000. ದೊಡ್ಡದಕ್ಕೆ ಐದು ಟಿಪ್ಪರ್, ಸಣ್ಣದಕ್ಕೆ ಮೂರು, ಬದಲಿಗೆ ಒಂದು: ಒಂಬತ್ತು. ನಿಮ್ಮ ಇನ್ನೊಂದು ಎಕ್ಸ್‌ಕವೇಟರ್ ಕಲ್ಲಿದ್ದಲು ಲೋಡಿಂಗ್, ಬೆಂಚ್ (ಗಣಿಯ ಮೆಟ್ಟಿಲು) ಸ್ವಚ್ಛತೆ, ಚರಂಡಿ, ಸಂಪ್ (ನೀರು ನಿಲ್ಲುವ ಗುಂಡಿ) ಕೆಲಸಕ್ಕೆ ಇರಲಿ. ಈ ಮೂರನೆಯ ಯಂತ್ರ ದಂಡ ಎನಿಸಬಹುದು. ಇಲ್ಲದಿದ್ದರೆ ಲೋಡಿಂಗ್ ಯಂತ್ರವನ್ನೇ ದಿನಕ್ಕೆರಡು ಸಲ ಎಬ್ಬಿಸಿ ಚರಂಡಿ ತೋಡಲು ಕಳಿಸುತ್ತೀರಿ, ಐದು ಟಿಪ್ಪರ್ ಸಾಲಾಗಿ ನಿಂತಿರುತ್ತವೆ.

ಕಲ್ಲಿದ್ದಲಿಗೆ ಬಾಡಿ ಬೇರೆ. ಅದೇ ಚಾಸಿಗೆ 22-23 ಘನ ಮೀಟರ್‌ನ ಬಾಡಿ ಕೂರಿಸಿದರೆ ಕಲ್ಲಿದ್ದಲು ತುಂಬಿದಾಗ ಸರಿಯಾಗಿ 20 ಟನ್ ಚಿಲ್ಲರೆ ಬರುತ್ತದೆ. ಈ ಬಾಡಿಯಲ್ಲಿ ಒಂದು ದಿನವೂ ಓಬಿ ತುಂಬಿಸಬೇಡಿ. ತಲೆದುಂಬಿ ಹಾಕಿದರೆ 37 ಟನ್ ಆಗುತ್ತದೆ. ಮೊದಲು ಹಿಂದಿನ ಸಸ್ಪೆನ್ಶನ್‌ನ ಪಟ್ಟಿ ಮುರಿಯುತ್ತದೆ, ಆಮೇಲೆ ಹಾಯಿಸ್ಟ್ ಸಿಲಿಂಡರ್ ಕೂರುವ ಜಾಗದ ವೆಲ್ಡಿಂಗ್ ಬಿಡುತ್ತದೆ, ಕೊನೆಗೆ ಚಾಸಿಯೇ ಬಿರುಕು ಬಿಡುತ್ತದೆ. ರಾತ್ರಿ ಪಾಳಿಯಲ್ಲಿ ಓಬಿ ಟಿಪ್ಪರ್ ಕಡಿಮೆ ಬಿದ್ದಾಗ ಸೂಪರ್‌ವೈಸರ್ ಮಾಡುವ ಮೊದಲ ಕೆಲಸ ಇದೇ. ಕಲ್ಲಿದ್ದಲು ಬಾಡಿಗಳಿಗೆ ಬೇರೆ ಬಣ್ಣ ಬಳಿದಿಡಿ.

ಇನ್ನು ನೆಲ. ಗೋವಾದ ಮೇಲ್ಪದರ ಜಂಬಿಟ್ಟಿಗೆ. ನೀರು ಬಸಿದುಹೋಗುತ್ತದೆ, ಒಣಗಿದರೆ ಗಟ್ಟಿ. ಅದಿರು ಕೂಡ ಬಹುಪಾಲು ಪುಡಿ, ಬಕೆಟ್ಟಿಗೆ ನೇರ ಬರುವಂಥದ್ದು. ಚಂದ್ರಪುರ, ವಣಿ ಕಡೆ ಮೇಲೆ ಎರೆಮಣ್ಣು, ಕೆಳಗೆ ಮರಳುಗಲ್ಲು. ಬಾಗಲಕೋಟೆಯವರಿಗೆ ಎರೆಮಣ್ಣು ಮಳೆಗಾಲದಲ್ಲಿ ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಗೋವಾದ ಮಳೆಯ ಅರ್ಧದಷ್ಟೂ ಅಲ್ಲಿ ಬೀಳುವುದಿಲ್ಲ ಎಂದು ನೆಮ್ಮದಿ ಪಡಬೇಡಿ. ಎಕ್ಸ್‌ಕವೇಟರ್‌ನ ಚೈನು ತಿರುಗಿಸುವ ಸ್ಪ್ರಾಕೆಟ್ ಚಕ್ರದ ಹಲ್ಲುಗಳ ಸಂದಿಗೆ ಆ ಮಣ್ಣು ತುಂಬಿ ಒಣಗಿತೆಂದರೆ ಚೈನು ತಾನಾಗಿ ಬಿಗಿಯಾಗುತ್ತದೆ. ಬಿಗಿ ಚೈನಿನಲ್ಲಿ ಓಡಿಸಿದರೆ ಬುಶ್, ರೋಲರ್, ಐಡ್ಲರ್ ಮೂರೂ ಸವೆಯುತ್ತವೆ, ಕೆಲವೊಮ್ಮೆ ಟ್ರಾವೆಲ್ ಮೋಟರಿನ ಸೀಲ್ ಹೋಗುತ್ತದೆ. ಪಾಳಿ ಮುಗಿದಾಗ, ಮಣ್ಣು ಹಸಿಯಿರುವಾಗಲೇ, ಒಂದೊಂದು ಕಡೆಯ ಚೈನನ್ನು ಬೂಮಿನಿಂದ ಎತ್ತಿ ತಿರುಗಿಸಿ ಕೆರೆಸಬೇಕು. ಹತ್ತು ನಿಮಿಷದ ಕೆಲಸ. ಆಪರೇಟರ್ ಬಸ್ಸಿಗೆ ಓಡುವ ಅವಸರದಲ್ಲಿ ಬಿಡುತ್ತಾನೆ, ಬೆಳಿಗ್ಗೆ ಅದು ಇಟ್ಟಿಗೆಯಾಗಿರುತ್ತದೆ.

ಕೆಳಗಿನ ಮರಳುಗಲ್ಲಿನಲ್ಲಿ ಸಿಲಿಕಾ ಹೆಚ್ಚು, ಉಕ್ಕನ್ನು ಅರದಂತೆ ತಿನ್ನುತ್ತದೆ. ಅದಿರಿಗೆ ಹಾಕಿದ ಸಾದಾ ಬಕೆಟ್ ಅಲ್ಲಿ ಬಾಳದು. ರಾಕ್ ಬಕೆಟ್ ಬೇಕು: ಹಲ್ಲುಗಳ ನಡುವೆ ತುಟಿಗೆ ರಕ್ಷಾಕವಚ, ಪಕ್ಕದಲ್ಲಿ ಕಟರ್, ಅಡಿಯ ಹಿಮ್ಮಡಿಗೆ ಸವೆತದ ಪಟ್ಟಿ. ಹಲ್ಲಿನ ತುದಿ ಅರ್ಧ ಸವೆದಾಗಲೇ ಬದಲಿಸಿ. ಇನ್ನೂ ಎರಡು ದಿನ ನಡೆಯಲಿ ಎಂದು ಬಿಟ್ಟರೆ ಹಲ್ಲು ಕೂರುವ ಅಡಾಪ್ಟರ್‌ನ ಮೂಗು ಸವೆಯುತ್ತದೆ. ಆಮೇಲೆ ಹೊಸ ಹಲ್ಲು ಅಲ್ಲಾಡಿ ಪಿನ್ ಮುರಿದು ಬೀಳುತ್ತದೆ. ಬಿದ್ದ ಹಲ್ಲು ಕಲ್ಲಿದ್ದಲಿನ ಜೊತೆ ಹೋಗಿ ಕ್ರಷರ್‌ಗೆ ಸಿಕ್ಕಿಕೊಂಡರೆ ಆ ದಿನದ ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ. ಪಾಳಿ ಶುರುವಿನಲ್ಲೂ ಮುಗಿದಾಗಲೂ ಹಲ್ಲು ಎಣಿಸಿ ಬರೆದಿಡುವ ಅಭ್ಯಾಸ ಮಾಡಿಸಿ. ಕಲ್ಲಿದ್ದಲಿಗೆ ನಿಂತ ಯಂತ್ರಕ್ಕೆ ಹಲ್ಲಿಲ್ಲದ ಚಪ್ಪಟೆ ತುಟಿಯ ಬಕೆಟ್ ಒಂದನ್ನು ಒಯ್ಯಿರಿ. ಕಲ್ಲಿದ್ದಲಿನ ಮೈಮೇಲಿನ ಕಲ್ಲು-ಮಣ್ಣು ಚೊಕ್ಕವಾಗಿ ಬಳಿಯದೆ ಲೋಡ್ ಮಾಡಿದರೆ ಬೂದಿ ಹೆಚ್ಚಿ ದರ್ಜೆ ಬೀಳುತ್ತದೆ, ದಂಡ ಮುಖ್ಯ ಗುತ್ತಿಗೆದಾರನಿಂದ ಜಾರಿ ನಿಮ್ಮ ಬಿಲ್ಲಿಗೆ ಬರುತ್ತದೆ. ವಾಸ್ಕೊ ಬಂದರಿನಲ್ಲಿ ಹಡಗಿನಿಂದ ಇಳಿಯುವ ಕಲ್ಲಿದ್ದಲು ನೋಡಿ ಅದೇ ಲೆಕ್ಕ ಇಟ್ಟುಕೊಳ್ಳಬೇಡಿ. ಅದು ಹೊರದೇಶದ್ದು. ನಮ್ಮ ಕಲ್ಲಿದ್ದಲಿನ ಪದರದ ನಡುವೆಯೇ ಕಲ್ಲಿನ ಪಟ್ಟಿಗಳಿರುತ್ತವೆ.

ಲೋಡಿಂಗ್‌ನಲ್ಲಿ ಯಂತ್ರ ಎಲ್ಲಿ ನಿಲ್ಲುತ್ತದೆ ಎನ್ನುವುದರ ಮೇಲೆ ಸೆಕೆಂಡುಗಳ ಉಳಿತಾಯ ನಿಂತಿದೆ. ಎಕ್ಸ್‌ಕವೇಟರ್ ಸಿಡಿದ ರಾಶಿಯ ಮೇಲೆ, ಟಿಪ್ಪರ್ ಕೆಳಗೆ. ಎತ್ತರದ ವ್ಯತ್ಯಾಸ ಹೆಚ್ಚುಕಡಿಮೆ ಸ್ಟಿಕ್‌ನ (ಬಕೆಟ್ ಹಿಡಿದ ತೋಳಿನ) ಉದ್ದದಷ್ಟು, 20 ಟನ್ ಯಂತ್ರಕ್ಕೆ 3 ಮೀಟರ್ ಒಳಗೆ. ಆಗ ಆಪರೇಟರ್‌ಗೆ ಬಾಡಿಯ ಒಳಗು ಕಾಣುತ್ತದೆ, ಬೂಮ್ ಎತ್ತುವ ಕೆಲಸ ತಗ್ಗುತ್ತದೆ, ಬಕೆಟ್ ಕ್ಯಾಬಿನ್ ಮೇಲಿಂದ ಹಾಯುವುದಿಲ್ಲ. ಚೈನು ಅಂಚಿಗೆ ಅಡ್ಡವಾಗಿ ಅಲ್ಲ, ಅಂಚಿನ ಕಡೆಗೆ ಮೂತಿ ಮಾಡಿ ನಿಲ್ಲಬೇಕು, ಸ್ಪ್ರಾಕೆಟ್ ಹಿಂದೆ. ಅಂಚು ಕುಸಿದರೆ ನೇರ ಹಿಂದಕ್ಕೆ ಸರಿಯಬಹುದು. ತುಂಬಿದ ಬಕೆಟ್ ಟಿಪ್ಪರ್ ಕಡೆ ತಿರುಗುವ ಕೋನ 90 ಡಿಗ್ರಿಯಿಂದ 50-60ಕ್ಕೆ ಇಳಿದರೆ 22 ಸೆಕೆಂಡ್ 18ರ ಹತ್ತಿರ ಬರುತ್ತದೆ.

ಈಗ ರಸ್ತೆ. ಉಪಗುತ್ತಿಗೆದಾರರು ಅತಿ ಹೆಚ್ಚು ಹಣ ಕಳೆಯುವುದು ಇಲ್ಲಿ, ಬಿಲ್ಲಿನಲ್ಲಿ ಅದು ಕಾಣುವುದಿಲ್ಲ. ಗಟ್ಟಿ ಗರಸಿನ ರಸ್ತೆಯಲ್ಲಿ ಚಕ್ರ ಉರುಳಲು ತೂಕದ ಶೇ. 2ರಷ್ಟು ಬಲ ಸಾಕು. ಟೈರು 5 ಸೆಂ.ಮೀ. ಹೂತರೆ ಅದಕ್ಕೆ ಇನ್ನೊಂದು ಶೇ. 3 ಸೇರುತ್ತದೆ. ಕಲ್ಲಿದ್ದಲು ಗಣಿ ನಿಯಮಾವಳಿ 2017ರ ಪ್ರಕಾರ ಹಾಲ್ ರೋಡಿನ (ಟಿಪ್ಪರ್ ಓಡುವ ಗಣಿ ರಸ್ತೆಯ) ಏರು 16ಕ್ಕೆ 1ಕ್ಕಿಂತ ಕಡಿದಾಗಿರಬಾರದು, ಸಣ್ಣ ಉದ್ದದ ರ‍್ಯಾಂಪ್‌ಗೆ ಮಾತ್ರ 10ಕ್ಕೆ 1ರವರೆಗೆ ಅವಕಾಶ. 16ಕ್ಕೆ 1 ಎಂದರೆ ಶೇ. 6.25. ಗಟ್ಟಿ ರಸ್ತೆಯಲ್ಲಿ ಒಟ್ಟು ಎಂಟೂಕಾಲು, ಹೂಳುವ ರಸ್ತೆಯಲ್ಲಿ ಹನ್ನೊಂದೂಕಾಲು. ಟಿಪ್ಪರ್ ಒಂದು ಗೇರ್ ಇಳಿಯುತ್ತದೆ, ಹದಿನೈದರ ವೇಗ ಹತ್ತಾಗುತ್ತದೆ, ಸುತ್ತಿಗೆ ಮೂರು ನಿಮಿಷ ಹೆಚ್ಚು. ಮೇಲೆ ಹಾಕಿದ ಒಂಬತ್ತು ಟಿಪ್ಪರ್‌ಗಳ ಲೆಕ್ಕ ಅಲ್ಲಿಗೆ ಮುಗಿಯಿತು. ಆದ್ದರಿಂದ ರಸ್ತೆ ಹಾಯುವ ಕಡೆ ಎರೆಮಣ್ಣನ್ನು ಪೂರ್ತಿ ಬಳಿದು ತೆಗೆಸಿ, ಅರ್ಧ ಮೀಟರಿಗೆ ಕಡಿಮೆಯಿಲ್ಲದಂತೆ ಮರಳುಗಲ್ಲಿನ ಚೂರು ಹಾಸಿ, ಮೇಲೆ 15-20 ಸೆಂ.ಮೀ. ಗರಸು, ಎರಡೂ ಬದಿಗೆ ಇಳಿಜಾರು, ಬದಿಯಲ್ಲಿ ಚರಂಡಿ. ಎರೆಮಣ್ಣಿನ ಮೇಲೆಯೇ ಗರಸು ಸುರಿದರೆ ಮೊದಲ ದೊಡ್ಡ ಮಳೆಗೆ ಅದು ಕೆಳಗಿಳಿದು ಮಣ್ಣು ಮೇಲೆ ಬರುತ್ತದೆ.

ಎರಡು ಕಡೆಯ ಸಂಚಾರವಿದ್ದರೆ ಅಗಲ ಅತಿ ದೊಡ್ಡ ವಾಹನದ ಮೂರು ಪಟ್ಟು, ಮೇಲೆ 5 ಮೀಟರ್. 2.5 ಮೀಟರ್ ಅಗಲದ ಟಿಪ್ಪರ್‌ಗೆ ಹನ್ನೆರಡೂವರೆ ಮೀಟರ್. ತೆರೆದ ಬದಿಯಲ್ಲಿ ಟೈರಿನ ವ್ಯಾಸಕ್ಕಿಂತ ತಗ್ಗಿಲ್ಲದ ಮಣ್ಣಿನ ದಿಬ್ಬ. ನೀರಿನ ಟ್ಯಾಂಕರ್ ಮತ್ತು ಗ್ರೇಡರ್ ಯಾರದು ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ‘ಸೈಟಿನಲ್ಲಿ ಇದೆ’ ಎಂಬ ಮಾತಿಗೆ ಬೆಲೆಯಿಲ್ಲ. ಟ್ಯಾಂಕರ್ ಇರುತ್ತದೆ, ಬೇರೆಯವರ ರಸ್ತೆಯಲ್ಲಿರುತ್ತದೆ.

ಓಬಿ ಸುರಿದು ರಾಶಿ ಹಾಕುವ ಡಂಪ್‌ನಲ್ಲಿ ಡೋಜರ್ ಇಲ್ಲದೆ ಕೆಲಸ ಶುರು ಮಾಡಬೇಡಿ. ಟಿಪ್ಪರ್ ಅಂಚಿಗೆ ಹೋಗಿ ಸುರಿಯುವುದಲ್ಲ. ಅಂಚಿನಿಂದ ಒಳಗೆ ಸುರಿಯುತ್ತದೆ, ಡೋಜರ್ ತಳ್ಳುತ್ತದೆ, ಅಂಚಿನ ದಿಬ್ಬವನ್ನೂ ಅದೇ ಕಾಯುತ್ತದೆ. ಡಂಪಿನ ಇಳಿಜಾರು 37.5 ಡಿಗ್ರಿ ಮೀರುವಂತಿಲ್ಲ, ಒಂದೊಂದು ಮೆಟ್ಟಿಲು 30 ಮೀಟರ್ ದಾಟುವಂತಿಲ್ಲ. ಎರೆಮಣ್ಣನ್ನು ಡಂಪಿನ ಅಡಿಯಲ್ಲಿ ಹಾಕಿ ಮೇಲೆ ಕಲ್ಲು ಹೇರಿದರೆ ನೀರು ಕುಡಿದ ದಿನ ಇಡೀ ರಾಶಿ ಜಾರಬಹುದು. ಮಣ್ಣಿಗೆ ಬೇರೆ ಜಾಗ. 2016ರ ಡಿಸೆಂಬರ್ 29ರಂದು ಜಾರ್ಖಂಡದ ರಾಜಮಹಲ್ ತೆರೆದ ಗಣಿಯಲ್ಲಿ ರಾಶಿ ಕುಸಿದು 23 ಮಂದಿ ಸತ್ತರು. ಅಲ್ಲಿ ದುಡಿಯುತ್ತಿದ್ದವರು ಗುತ್ತಿಗೆದಾರರ ಆಳುಗಳು, ಯಂತ್ರಗಳೂ ಹೂತುಹೋದವು. ಡಂಪಿನ ಮೇಲೆ ಅಂಚಿಗೆ ಸಮಾನಾಂತರವಾಗಿ ಉದ್ದನೆಯ ಬಿರುಕು ಕಂಡರೆ ಅದನ್ನು ಮಣ್ಣಿನಿಂದ ಮುಚ್ಚಿಸುವುದಲ್ಲ. ಕೆಲಸ ನಿಲ್ಲಿಸಿ ಯಂತ್ರ ಹೊರಗೆ ತರುವುದು.

ಅದಿರಿನಲ್ಲಿ ಇಲ್ಲದ ಇನ್ನೊಂದು ಅಪಾಯ ಬೆಂಕಿ. ಕಲ್ಲಿದ್ದಲಿನ ನುಣುಪು ಪುಡಿ ಎಣ್ಣೆ ಜಿನುಗುವ ಕಡೆ ಅಂಟುತ್ತದೆ: ಟರ್ಬೊ ಪಕ್ಕ, ಸೈಲೆನ್ಸರ್ ಅಡಿ, ಯಂತ್ರದ ಹೊಟ್ಟೆ ಮುಚ್ಚುವ ಬೆಲ್ಲಿ ಪ್ಲೇಟ್ ಒಳಗೆ. ಅದರ ಮೇಲೆ ಒಂದು ಹೈಡ್ರಾಲಿಕ್ ಹೋಸ್ ಒಡೆದರೆ ಸಾಕು. ಬೆಲ್ಲಿ ಪ್ಲೇಟ್ ಬಿಚ್ಚಿ ವಾರಕ್ಕೊಮ್ಮೆ ತೊಳೆಸಿ, ಟರ್ಬೊ ಹತ್ತಿರದ ಹೋಸ್‌ಗಳಿಗೆ ಶಾಖ ತಡೆಯುವ ತೋಳು ಹಾಕಿಸಿ, ಸ್ಟಾರ್ಟರ್ ಕೇಬಲ್ ಎಲ್ಲಿ ಉಜ್ಜುತ್ತಿದೆ ನೋಡಿ. ಬೆಂಕಿ ಪತ್ತೆ ಹಚ್ಚಿ ತಾನೇ ನಂದಿಸುವ ವ್ಯವಸ್ಥೆ ಇಲ್ಲದ ಯಂತ್ರವನ್ನು ಗಣಿ ಮ್ಯಾನೇಜರ್ ಒಳಗೆ ಬಿಡದಿರಬಹುದು. ರಿವರ್ಸ್ ಅಲಾರಂ, ಹಿಂದಿನ ಕ್ಯಾಮೆರಾ, ಸೀಟ್ ಬೆಲ್ಟ್, ಎತ್ತಿದ ಬಾಡಿಯನ್ನು ತಡೆಯುವ ಕಬ್ಬಿಣದ ಊರುಗೋಲು ಇವನ್ನೂ ಕೇಳುತ್ತಾರೆ. ಹೊಗೆಯಾಡುವ ಕಲ್ಲಿದ್ದಲನ್ನು ಅವಸರಕ್ಕೆ ತುಂಬಿಸಬೇಡಿ. ಹಳೆಯ ಸುರಂಗ ಗಣಿಯ ಮೇಲೆ ತೆರೆದ ಗಣಿ ತೋಡುವ ಜಾಗಗಳೂ ವರ್ಧಾ ಕಣಿವೆಯಲ್ಲಿವೆ. ಹಾಗಿದ್ದರೆ ಕೆಳಗಿನ ಪೊಳ್ಳುಗಳ ನಕ್ಷೆ ನೋಡದೆ ಯಂತ್ರ ಏರಿಸಬೇಡಿ.

ಮೇ ತಿಂಗಳಲ್ಲಿ ಚಂದ್ರಪುರ 45 ಡಿಗ್ರಿ ದಾಟುವುದು ಸಾಮಾನ್ಯ. ಗೋವಾದ ಹವೆಯಲ್ಲಿ ನಡೆದ ರೇಡಿಯೇಟರ್ ಅಲ್ಲಿ ಮಧ್ಯಾಹ್ನ ಎರಡಕ್ಕೆ ಕೈಕೊಡುತ್ತದೆ. ಹೊರಡುವ ಮೊದಲೇ ರೇಡಿಯೇಟರ್, ಆಯಿಲ್ ಕೂಲರ್ ಬಿಚ್ಚಿ ತೊಳೆಸಿ. ಅಲ್ಲಿ ದಿನವೂ ಗಾಳಿ ಹೊಡೆಯುವಾಗ ಒಳಗಿನಿಂದ ಹೊರಕ್ಕೆ, ಒತ್ತಡ ಕಡಿಮೆ ಇಟ್ಟು. ಹೊರಗಿನಿಂದ ಜೋರಾಗಿ ಹೊಡೆದರೆ ರೆಕ್ಕೆಗಳು ಮಡಚಿ ಪುಡಿ ಒಳಗೇ ಸಿಕ್ಕಿಕೊಳ್ಳುತ್ತದೆ. ಏರ್ ಫಿಲ್ಟರ್‌ನ ಹೊರ ಕೊಳವೆಯನ್ನು ಟೈರಿಗೆ ಬಡಿದು ಸ್ವಚ್ಛ ಮಾಡುವ ಚಾಳಿ ಬಿಡಿಸಿ. ಒಳ ಕೊಳವೆಯನ್ನು ಊದುವುದೇ ಬೇಡ, ಬದಲಿಸುವುದು ಮಾತ್ರ. ಹೈಡ್ರಾಲಿಕ್ ಆಯಿಲ್ 68ರ ದರ್ಜೆ ಆಗುತ್ತದೆಯೇ ಎಂದು ಯಂತ್ರದ ಕೈಪಿಡಿಯಲ್ಲಿ ನೋಡಿ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಮಾತು ಬಿಡಿಸಿ ಕೇಳಿ: ಘನ ಮೀಟರ್ ಎಂದರೆ ಯಾವುದು? ಮುಖ್ಯ ಗುತ್ತಿಗೆದಾರನಿಗೆ ಹಣ ಬರುವುದು ಸರ್ವೇ ಮಾಡಿದ ನೆಲದ ಅಳತೆಯ ಮೇಲೆ. ನಿಮಗೆ ಟ್ರಿಪ್ ಲೆಕ್ಕ ಎಂದು ಬಾಯಲ್ಲಿ ಹೇಳಿ, ತಿಂಗಳ ಕೊನೆಗೆ ಸರ್ವೇ ಅಳತೆ ಹಿಡಿದರೆ 100 ಎಂದುಕೊಂಡದ್ದು 74 ಆಗುತ್ತದೆ. ನೆಲದ ಅಳತೆಯೇ ಇರಲಿ, ಅದು ನ್ಯಾಯ. ಆದರೆ ಮೊದಲ ಬಕೆಟ್ ಹಾಕುವ ಮೊದಲೇ ಜಂಟಿ ಸರ್ವೇ ಆಗಿ ಮೂಲ ನೆಲಮಟ್ಟದ ಕಾಗದಕ್ಕೆ ಇಬ್ಬರ ಸಹಿ ಬೀಳಬೇಕು. ದರವನ್ನು ಆ ಅಳತೆಗೆ ತಕ್ಕಂತೆ ಕೇಳಬೇಕು. ಲೀಡ್ ಮತ್ತು ಲಿಫ್ಟ್‌ಗೆ (ಮೇಲೆತ್ತುವ ಎತ್ತರಕ್ಕೆ) ಮೆಟ್ಟಿಲು ದರ ಹಾಕಿಸಿ. ಗಣಿ 30 ಮೀಟರ್ ಆಳಕ್ಕೆ ಇಳಿದರೆ 16ಕ್ಕೆ 1ರ ಏರಿನಲ್ಲಿ 480 ಮೀಟರ್ ರಸ್ತೆ ತಾನಾಗಿ ಸೇರಿಕೊಳ್ಳುತ್ತದೆ, ಇಂದಿನ ಒಂದೂವರೆ ಕಿ.ಮೀ. ಮುಂದಿನ ವರ್ಷ ಎರಡಾಗುತ್ತದೆ. ಡೀಸೆಲ್ ಬೆಲೆ ಏರಿದರೆ ಯಾರ ಮೇಲೆ, ಬ್ಲಾಸ್ಟಿಂಗ್ ತಡವಾಗಿ ಯಂತ್ರ ನಿಂತರೆ ಏನು ಕೊಡುತ್ತಾರೆ, ಈ ಎರಡೂ ಬರವಣಿಗೆಯಲ್ಲಿರಲಿ.

ಆಪರೇಟರ್‌ಗಳ ಬಗ್ಗೆ. ಗೋವಾದ ಅದಿರು ಗಣಿಗಳು ಲೋಹ ಗಣಿಗಳ ನಿಯಮಾವಳಿಗೆ ಸೇರಿದ್ದವು, ಇದು ಬೇರೆ ನಿಯಮಾವಳಿ. ಹಳೆಯ ತರಬೇತಿ ಪ್ರಮಾಣಪತ್ರ ಇದ್ದರೂ ಆ ಗಣಿಯ ವಿ.ಟಿ. (ವೃತ್ತಿ ತರಬೇತಿ) ಕೇಂದ್ರದಲ್ಲಿ ತರಬೇತಿ, ವೈದ್ಯಕೀಯ ಪರೀಕ್ಷೆಯ ಫಾರ್ಮ್ ‘ಓ’, ಯಂತ್ರ ನಡೆಸಲು ಮ್ಯಾನೇಜರ್‌ನ ಅಧಿಕಾರಪತ್ರ ಇವಾಗದೆ ಯಾರೂ ಸೀಟಿಗೆ ಕೂರುವಂತಿಲ್ಲ. ಯಂತ್ರ ಹೊರಡುವ ಮೊದಲೇ ಹುಡುಗರನ್ನು ಕಳಿಸಿ. ಸಾಗಣೆಗೆ ಲೋ-ಬೆಡ್ ಟ್ರೇಲರ್ ಗೊತ್ತುಮಾಡುವಾಗ ಚೈನಿನ ಹೊರ ಅಗಲ ಅಳೆದು ಹೇಳಿ. 20 ಟನ್ ಯಂತ್ರ ಅಗಲ ಶೂ ಹಾಕಿಕೊಂಡಾಗ 3 ಮೀಟರ್ ಹತ್ತಿರವಿರುತ್ತದೆ, ಟ್ರೇಲರ್‌ನಿಂದ ಹೊರಚಾಚುತ್ತದೆ. ಅದರ ಅನುಮತಿ ಯಾರು ತರಬೇಕೆಂದು ಬಾಡಿಗೆ ಮಾತಾಡುವಾಗಲೇ ತೀರ್ಮಾನವಾಗಲಿ, ಘಾಟಿ ಏರುವ ಮೊದಲ ಚೆಕ್‌ಪೋಸ್ಟಿನಲ್ಲಿ ಅಲ್ಲ.